ಗಾಳಿಯ ಮೇಲೆ ಚಕ್ರ ಉರುಳಿಸಿದ ಪಶುವೈದ್ಯ

ಬೋಧನಾಭ್ಯಾಸದ ಎರಡನೇ ವಾರ ಎಂಟನೇ ತರಗತಿಯ ಘರ್ಷಣೆ ಪಾಠ ನನ್ನ ಪಾಲಿಗೆ ಬಂದಿತ್ತು. ಪಾಠಯೋಜನೆಯ ಪ್ರೇರಣೆಯ ಹಂತಕ್ಕೆಂದು ಒಂದು ಸವೆದ ಚಪ್ಪಲಿ, ಒಂದು ಹೊಸ ಚಪ್ಪಲಿ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಚಪ್ಪಲಿಯ ಅಡಿಯಿಂದ ಟೈರಿನ ಗೀರುಗಳ ವಿಷಯಕ್ಕೆ ಬಂದಾಗ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಹಾಗಾದರೆ ಬೈಕಿಗೆ ದಪ್ಪ ಟೈರ್ ಹಾಕಿಸಿಬಿಟ್ಟರೆ ಜಾರುವುದೇ ಇಲ್ಲವಾ ಮಿಸ್ ಎಂದು ಕೇಳಿದ. ಅವನ ತಂದೆಗೆ ಬಸ್ ನಿಲ್ದಾಣದ ಹತ್ತಿರ ಪಂಕ್ಚರ್ ಅಂಗಡಿ ಇದೆ ಎಂದು ನನಗೆ ಆಮೇಲೆ ಗೊತ್ತಾಯಿತು. ಹೌದು ಎನ್ನಲೂ ಇಲ್ಲ ಎನ್ನಲೂ ಧೈರ್ಯ ಸಾಲದೆ, ನಾಳೆ ಹೇಳುತ್ತೇನೆ ಎಂದು ಕೂರಿಸಿದೆ. ವೀಕ್ಷಣೆಗೆ ಕುಳಿತಿದ್ದ ನಮ್ಮ ಮಾರ್ಗದರ್ಶಕರು ಟಿಪ್ಪಣಿ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಮರುದಿನ ಒಬ್ಬ ಮನುಷ್ಯನ ಜೀವನ ಕಥೆಯಿಂದ ಉತ್ತರ ಶುರು ಮಾಡಿದೆ. ಒಂದು ಅವಧಿ ಸಾಲಲಿಲ್ಲ, ಎರಡು ಹಿಡಿಯಿತು. ತರಗತಿಯಲ್ಲಿ ಹೇಳಿದ್ದನ್ನೂ, ಅಲ್ಲಿ ಹೇಳಲಾಗದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಮುಂದಿನ ತಂಡದಲ್ಲಿ ಇದೇ ಪಾಠ ಸಿಕ್ಕವರಿಗೆ ಉಪಯೋಗಕ್ಕೆ ಬರಬಹುದು.

ಜಾನ್ ಬಾಯ್ಡ್ ಡನ್ಲಪ್ 1840ರ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಏರ್‌ಶೈರ್ ಸೀಮೆಯ ಡ್ರೆಗಾರ್ನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ರೈತರ ಮನೆ. ದನ, ಕುದುರೆ, ಗಾಡಿಗಳ ನಡುವೆ ಬೆಳೆದ ಹುಡುಗ ಎಡಿನ್‌ಬರೋದಲ್ಲಿ ಪಶುವೈದ್ಯಕೀಯ ಓದಿ, ಇಪ್ಪತ್ತು ತುಂಬುವ ಹೊತ್ತಿಗೆ ವೈದ್ಯರಾಗಿದ್ದರು. ಕೆಲವು ವರ್ಷ ಸ್ಕಾಟ್ಲೆಂಡಿನಲ್ಲೇ ಕೆಲಸ ಮಾಡಿ 1867ರಲ್ಲಿ ಸಮುದ್ರ ದಾಟಿ ಐರ್ಲೆಂಡಿಗೆ ಹೋದರು. ಮೊದಲು ಡೌನ್‌ಪ್ಯಾಟ್ರಿಕ್ ಪಟ್ಟಣದಲ್ಲಿ ತಮ್ಮ ಸಹೋದರ ಜೇಮ್ಸ್ ಜೊತೆ ಚಿಕಿತ್ಸಾಲಯ ನಡೆಸಿದರು, ಆಮೇಲೆ ಬೆಲ್‌ಫಾಸ್ಟ್ ನಗರಕ್ಕೆ ಬಂದು ಮೇ ಸ್ಟ್ರೀಟ್‌ನಲ್ಲಿ ನೆಲೆಸಿದರು. 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಅವರನ್ನು ಮದುವೆಯಾದರು. ಒಬ್ಬಳು ಮಗಳು, ಒಬ್ಬ ಮಗ. 1880ರ ದಶಕದ ನಡುವಿನ ಹೊತ್ತಿಗೆ ಅವರ ಪಶುವೈದ್ಯ ವೃತ್ತಿ ಇಡೀ ಐರ್ಲೆಂಡಿನಲ್ಲೇ ದೊಡ್ಡದು ಎನ್ನಿಸಿಕೊಂಡವುಗಳಲ್ಲಿ ಒಂದಾಗಿತ್ತು.

ಇಲ್ಲಿಯವರೆಗೆ ಇದರಲ್ಲಿ ಟೈರು ಎಲ್ಲೂ ಇಲ್ಲ. ಐವತ್ತರ ಹತ್ತಿರ ಬಂದ, ನೆಮ್ಮದಿಯಾಗಿದ್ದ, ಉದ್ದ ಗಡ್ಡದ ಪಶುವೈದ್ಯರು, ಅಷ್ಟೇ. ಮಕ್ಕಳು ಚಡಪಡಿಸಿದ್ದು ಈ ಭಾಗದಲ್ಲೇ. ಹೇಳುವವರು ಇದನ್ನು ಎರಡು ನಿಮಿಷದಲ್ಲಿ ಮುಗಿಸುವುದು ಒಳ್ಳೆಯದು.

ಆಗಿನ ಬೆಲ್‌ಫಾಸ್ಟ್ ರಸ್ತೆಗಳಿಗೆ ಕಲ್ಲುಚಪ್ಪಡಿಗಳನ್ನು ಹಾಸಿದ್ದರು, ನಡುವೆ ಟ್ರಾಮ್ ಹಳಿಗಳು. ಗಾಡಿಗಳ ಚಕ್ರಕ್ಕೆ ನಮ್ಮ ಎತ್ತಿನ ಗಾಡಿಯ ಹಾಗೆಯೇ ಕಬ್ಬಿಣದ ಪಟ್ಟಿ. ಸೈಕಲ್ಲುಗಳಿಗೆ ಒಳಗೆ ಪೊಳ್ಳಿಲ್ಲದ ಗಟ್ಟಿ ರಬ್ಬರ್ ಸುತ್ತಿರುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಕಾಯಿಸಿದರೆ ರಬ್ಬರ್ ಬಿಸಿಲಿಗೆ ಕರಗುವುದಿಲ್ಲ, ಚಳಿಗೆ ಬಿರಿಯುವುದಿಲ್ಲ ಎಂದು ಕಂಡುಕೊಂಡಿದ್ದರಿಂದ ಚಕ್ರಕ್ಕೆ ರಬ್ಬರ್ ಹಾಕುವುದು ಸಾಧ್ಯವಾಗಿತ್ತು. ಆದರೂ ಕಲ್ಲಿನ ಮೇಲೆ ಓಡಿಸಿದವರ ಬೆನ್ನಿಗೆ ಗೊತ್ತು ಅದರ ಹೆಚ್ಚುಗಾರಿಕೆ. ಡನ್ಲಪ್ ಅವರ ಮಗ ಜಾನಿಗೆ ಆಗ ಒಂಬತ್ತು ಹತ್ತು ವರ್ಷ. ಅವನಿಗೊಂದು ಮೂರು ಚಕ್ರದ ಸೈಕಲ್ ಇತ್ತು, ಕಲ್ಲುಹಾಸಿನ ಮೇಲೆ ಅದನ್ನು ತುಳಿದು ಅವನಿಗೆ ಸಾಕಾಗುತ್ತಿತ್ತು.

1887ರ ಅಕ್ಟೋಬರ್‌ನಲ್ಲಿ ಡನ್ಲಪ್ ಮನೆಯ ಅಂಗಳದಲ್ಲಿ ಒಂದು ಪ್ರಯೋಗ ಮಾಡಿದರು. ಸುಮಾರು 96 ಸೆಂಟಿಮೀಟರ್ ಅಗಲದ ಮರದ ತಟ್ಟೆಯೊಂದನ್ನು ತೆಗೆದುಕೊಂಡರು. ರಬ್ಬರ್ ಹಾಳೆಯನ್ನು ಅಂಟಿಸಿ ಕೊಳವೆ ಮಾಡಿ, ತಟ್ಟೆಯ ಅಂಚಿಗೆ ಸುತ್ತಿ, ಅದರ ಮೇಲೆ ಬಟ್ಟೆ ಹೊದಿಸಿ ಮೊಳೆ ಹೊಡೆದರು. ಮಗನ ಫುಟ್‌ಬಾಲಿಗೆ ಗಾಳಿ ತುಂಬುವ ಪಂಪಿನಿಂದ ಗಾಳಿ ತುಂಬಿದರು. ಇನ್ನೊಂದು ಕೈಯಲ್ಲಿ ಜಾನಿಯ ಸೈಕಲ್ಲಿನಿಂದ ಬಿಚ್ಚಿದ ಚಕ್ರ. ಎರಡನ್ನೂ ಅಂಗಳದಲ್ಲಿ ಉರುಳಿಸಿದರು. ಹಳೆಯ ಚಕ್ರ ಸ್ವಲ್ಪ ದೂರ ಹೋಗಿ ಮಗ್ಗುಲಾಯಿತು. ಗಾಳಿಯ ಚಕ್ರ ಅಂಗಳದ ಕೊನೆಯವರೆಗೂ ಓಡಿ, ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು.

ನನಗೆ ಡನ್ಲಪ್ ಅವರ ಇಡೀ ಜೀವನದಲ್ಲಿ ಬಹಳ ಇಷ್ಟವಾಗುವುದು ಈ ಐದು ನಿಮಿಷ. ನಾವು ಪ್ರಯೋಗ ಎಂದರೆ ಪ್ರಯೋಗಾಲಯದ ಬೀಗದ ಕೈ ಯಾರ ಹತ್ತಿರ ಇದೆ ಎಂದು ಹುಡುಕುತ್ತೇವೆ. ಇಲ್ಲಿ ಒಂದು ಅಂಗಳ, ಎರಡು ಚಕ್ರ, ಒಂದೇ ನೆಲ. ಹೋಲಿಕೆಯೇ ಸಾಕ್ಷಿ. ತರಗತಿಯಲ್ಲಿ ಇದನ್ನು ಮಾಡಿಯೂ ನೋಡಬಹುದು: ಗಾಳಿ ತುಂಬಿದ ಹಳೆಯ ಸೈಕಲ್ ಚಕ್ರ ಒಂದು, ಟೈರ್ ತೆಗೆದ ರಿಮ್ ಒಂದು, ಶಾಲೆಯ ಮುಂದಿನ ಜಲ್ಲಿ ನೆಲ. ತಳ್ಳುವ ಬಲ ಎರಡಕ್ಕೂ ಒಂದೇ ಆಗಿರಬೇಕು ಎನ್ನುವುದನ್ನು ಮಕ್ಕಳೇ ಗಲಾಟೆ ಮಾಡಿ ಕಂಡುಕೊಂಡರು. ಒಂದು ಇಳಿಜಾರು ಹಲಗೆ ತಂದು, ಎರಡನ್ನೂ ಒಂದೇ ಎತ್ತರದಿಂದ ಬಿಟ್ಟರು.

ಗಟ್ಟಿ ಚಕ್ರ ಏಕೆ ಬೇಗ ನಿಲ್ಲುತ್ತದೆ? ಪ್ರತಿ ಕಲ್ಲು ಸಿಕ್ಕಾಗಲೂ ಅದು ಚಕ್ರವನ್ನೂ ಮೇಲಿನ ಭಾರವನ್ನೂ ಎತ್ತಿ ಇಳಿಸಬೇಕು, ಅದರಲ್ಲೇ ಶಕ್ತಿ ಹೋಗುತ್ತದೆ. ಗಾಳಿಯ ಟೈರು ಕಲ್ಲು ಸಿಕ್ಕ ಜಾಗದಲ್ಲಿ ಮಾತ್ರ ಒಳಕ್ಕೆ ಒತ್ತಿಕೊಂಡು, ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಭಾರ ಹೊರುವುದು ಮುಖ್ಯವಾಗಿ ಒಳಗಿನ ಒತ್ತಿಟ್ಟ ಗಾಳಿ. ರಬ್ಬರು, ಬಟ್ಟೆ ಇವೆಲ್ಲ ಆ ಗಾಳಿಯನ್ನು ಹಿಡಿದಿಡುವ ಚೀಲ. ಈ ಮಾತು ಮುಂದೆ ಬೈಕಿನ ಲೆಕ್ಕಕ್ಕೆ ಬೇಕಾಗುತ್ತದೆ.

ಡನ್ಲಪ್ ಜಾನಿಯ ಸೈಕಲ್ಲಿನ ಹಿಂದಿನ ಎರಡೂ ಚಕ್ರಗಳಿಗೆ ಗಾಳಿಯ ಟೈರ್ ಕಟ್ಟಿದರು. 1888ರ ಫೆಬ್ರವರಿ ಕೊನೆಯಲ್ಲಿ ಹುಡುಗ ಅದನ್ನು ಓಡಿಸಿದ. ಆಮೇಲೆ ದೊಡ್ಡವರ ಸೈಕಲ್ಲಿನ ಅಳತೆಗೆ ಮಾಡಿ ಬೆಲ್‌ಫಾಸ್ಟಿನ ಮೈದಾನವೊಂದರಲ್ಲಿ ಪರೀಕ್ಷಿಸಿದರು. ಅದೇ ವರ್ಷ ಡಿಸೆಂಬರ್ 7ರಂದು ಪೇಟೆಂಟ್ ಸಿಕ್ಕಿತು.

ಮುಂದಿನದು ಓಟದ ಕಥೆ. ಬೆಲ್‌ಫಾಸ್ಟಿನ ಸೈಕಲ್ ಕ್ಲಬ್ಬೊಂದರ ನಾಯಕ ವಿಲ್ಲಿ ಹ್ಯೂಮ್, ಗಾಳಿಯ ಟೈರ್ ಇರುವ ಸೈಕಲ್ ಕೊಂಡ ಮೊದಲ ಗಿರಾಕಿ. ಪಂದ್ಯಕ್ಕೂ ಅದನ್ನೇ ಬಳಸುವಂತೆ ಡನ್ಲಪ್ ಅವರಿಗೆ ಸೂಚಿಸಿದರು. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟ. ಉಳಿದವರೆಲ್ಲ ತೆಳ್ಳಗಿನ ಗಟ್ಟಿ ರಬ್ಬರಿನ ಚಕ್ರಗಳಲ್ಲಿ ಬಂದಿದ್ದರು. ಹ್ಯೂಮ್ ಸೈಕಲ್ಲಿನ ಉಬ್ಬಿದ ಟೈರು ನೋಡಿ ಜನ ನಕ್ಕರಂತೆ. ಅಷ್ಟು ದಪ್ಪದ್ದು ವೇಗವಾಗಿ ಹೋದೀತು ಎಂದು ಯಾರಿಗೂ ಅನ್ನಿಸಿರಲಿಲ್ಲ. ಹ್ಯೂಮ್ ಆ ದಿನದ ನಾಲ್ಕೂ ಸೈಕಲ್ ಪಂದ್ಯಗಳನ್ನು ಗೆದ್ದರು. ಸ್ವಲ್ಪ ದಿನಕ್ಕೆ ಇಂಗ್ಲೆಂಡಿನ ಲಿವರ್‌ಪೂಲಿಗೆ ಹೋಗಿ ಅಲ್ಲಿ ಒಂದನ್ನು ಬಿಟ್ಟು ಎಲ್ಲ ಸೈಕಲ್ ಪಂದ್ಯಗಳನ್ನೂ ಗೆದ್ದುಬಂದರು.

ಇಲ್ಲಿಗೆ ಬಂದಾಗ ಪಂಕ್ಚರ್ ಅಂಗಡಿಯ ಹುಡುಗನ ಮುಖ ಅರಳಿತು. ನೋಡಿ ಮಿಸ್, ದಪ್ಪ ಟೈರೇ ಗೆದ್ದಿತಲ್ಲ ಎನ್ನುವ ಹಾಗೆ. ನಾನೂ ಇದಕ್ಕೇ ಕಾದಿದ್ದೆ. ಹ್ಯೂಮ್ ತಮ್ಮ ಹಳೆಯ ಸೈಕಲ್ಲಿಗೆ ಆ ಟೈರನ್ನು ತುರುಕಿರಲಿಲ್ಲ. ಗಟ್ಟಿ ರಬ್ಬರಿನ ತೆಳ್ಳನೆಯ ಚಕ್ರಕ್ಕೆಂದು ಮಾಡಿದ ಚೌಕಟ್ಟಿನೊಳಗೆ ಅದು ತೂರುತ್ತಲೇ ಇರಲಿಲ್ಲ. ಮುಂದಿನ ಫೋರ್ಕು, ಹಿಂದಿನ ಕವಲು ಅಗಲವಾಗಿರುವ ಸೈಕಲ್ಲನ್ನೇ ಹೊಸದಾಗಿ ಕಟ್ಟಬೇಕಾಯಿತು. ಮೊದಲು ಟೈರು, ಅದಕ್ಕೆ ಹೊಂದುವ ರಿಮ್ಮು, ಅದಕ್ಕೆ ಹೊಂದುವ ಚೌಕಟ್ಟು, ಈ ಮೂರೂ ಒಟ್ಟಿಗೆ ಗೆದ್ದವು. ಗೆದ್ದಿದ್ದು ಒಳಗಿನ ಗಾಳಿಯಿಂದ, ದಪ್ಪ ಆ ಗಾಳಿಗೆ ಬೇಕಾದ ಜಾಗ.

ಆಮೇಲೆ ಕಪ್ಪು ಹಲಗೆಯ ಮೇಲೆ ಒಂದು ಲೆಕ್ಕ ಮಾಡಿದೆವು. ಒತ್ತಡ ಎಂದರೆ ಬಲ ಭಾಗಿಸು ವಿಸ್ತೀರ್ಣ ಎಂದು ಅವರು ಆಗಲೇ ಓದಿದ್ದರು. ಬೈಕಿನ ಹಿಂದಿನ ಚಕ್ರದ ಮೇಲೆ 120 ಕಿಲೋ ಭಾರ ಬೀಳುತ್ತದೆ ಎಂದುಕೊಳ್ಳೋಣ. ಟೈರಿನ ಒತ್ತಡ 28 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 2 ಕಿಲೋ. ಆಗ ನೆಲಕ್ಕೆ ಅಂಟಿರುವ ಜಾಗ 60 ಚದರ ಸೆಂಟಿಮೀಟರ್. ಮಕ್ಕಳು 6 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ಕಾಗದ ಕತ್ತರಿಸಿ ಅಂಗೈ ಮೇಲೆ ಇಟ್ಟು ನೋಡಿದರು. ಇಷ್ಟೇನಾ ಎಂದರು. ಟೈರಿನ ಗೋಡೆಯ ಬಿಗುವನ್ನು ಬಿಟ್ಟ ಸರಳ ಲೆಕ್ಕ ಇದು, ನಿಜವಾದ ಸಂಖ್ಯೆ ಸ್ವಲ್ಪ ಆಚೀಚೆ ಆಗುತ್ತದೆ. ಆದರೆ ಒಂದು ವಿಷಯ ಸ್ಪಷ್ಟ: ಭಾರವೂ ಒತ್ತಡವೂ ಅವೇ ಇದ್ದರೆ, ಅಗಲವಾದ ಟೈರ್ ಹಾಕಿದಾಗ ಆ ಕಾಗದದ ವಿಸ್ತೀರ್ಣ ಹೆಚ್ಚೇನೂ ಬದಲಾಗುವುದಿಲ್ಲ, ಅದರ ಆಕಾರ ಬದಲಾಗುತ್ತದೆ. ಉದ್ದ ಕಡಿಮೆಯಾಗಿ ಅಗಲ ಹೆಚ್ಚುತ್ತದೆ. ದಪ್ಪ ಟೈರ್ ಹಾಕಿದ ಮಾತ್ರಕ್ಕೆ ನೆಲದ ಮೇಲಿನ ಹಿಡಿತ ಎರಡು ಪಟ್ಟಾಗುತ್ತದೆ ಎಂದು ನಾನೂ ಎಷ್ಟೋ ವರ್ಷ ನಂಬಿದ್ದೆ.

ಡನ್ಲಪ್ ಅವರ ಕಥೆಗೆ ಮರಳುತ್ತೇನೆ. ಹ್ಯೂಮ್ ಮುಂದೆ ಸೋತವರಲ್ಲಿ ಡಬ್ಲಿನ್‌ನ ಹಾರ್ವೆ ಡು ಕ್ರಾಸ್ ಎಂಬ ವ್ಯಾಪಾರಿಯ ಮಕ್ಕಳೂ ಇದ್ದರು. ಮಕ್ಕಳು ಸೋತದ್ದು ಯಾವುದಕ್ಕೆ ಎಂದು ತಂದೆಗೆ ತಕ್ಷಣ ಹೊಳೆಯಿತು. ಅವರು ಡನ್ಲಪ್ ಅವರನ್ನು ಸೇರಿಸಿಕೊಂಡು 1889ರಲ್ಲೇ ಡಬ್ಲಿನ್‌ನಲ್ಲಿ ಕಂಪನಿ ಕಟ್ಟಿದರು, ಪೇಟೆಂಟಿನ ಹಕ್ಕು ಕಂಪನಿಗೆ ಹೋಯಿತು.

ಪೇಟೆಂಟ್ ಸಿಕ್ಕ ಎರಡು ವರ್ಷಕ್ಕೆ ಅದು ಊರ್ಜಿತವಲ್ಲ ಎಂಬ ಸುದ್ದಿ ಬಂತು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವರು, ಸ್ಟೋನ್‌ಹೇವನ್ ಊರಿನವರು, 1845ರಲ್ಲೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದಿದ್ದರು. ಆಗ ಡನ್ಲಪ್ ಐದು ವರ್ಷದ ಮಗು. ಥಾಮ್ಸನ್ ಮಾಡಿದ್ದು ಕುದುರೆ ಗಾಡಿಗಳಿಗೆ, ರಬ್ಬರ್ ಬಳಿದ ಬಟ್ಟೆಯ ಕೊಳವೆಯ ಮೇಲೆ ಚರ್ಮದ ಹೊದಿಕೆ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಓಡಿಸಿ ತೋರಿಸಿಯೂ ಇದ್ದರು. ಕೆಲಸ ಚೆನ್ನಾಗಿತ್ತು, ಆದರೆ ದುಬಾರಿ, ಮತ್ತು ಅಷ್ಟು ಹಗುರಾದ ವಾಹನ ಆಗ ಇರಲಿಲ್ಲ. ಸೈಕಲ್ ಇನ್ನೂ ಬರಬೇಕಿತ್ತು. ಥಾಮ್ಸನ್ 1873ರಲ್ಲೇ ತೀರಿಹೋಗಿದ್ದರು, ಜನ ಅವರನ್ನು ಮರೆತಿದ್ದರು. ನನ್ನ ಮೊದಲ ಪಾಠಯೋಜನೆಯಲ್ಲಿ ಟೈರನ್ನು ಮೊದಲು ಕಂಡುಹಿಡಿದವರು ಡನ್ಲಪ್ ಎಂದು ಬರೆದಿದ್ದೆ. ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಹಾಕಿ ಕೊಟ್ಟಿದ್ದರು. ಈಗ ತಿದ್ದಿ, ಬಳಕೆಗೆ ಬರುವಂತೆ ಮಾಡಿದವರು ಎಂದು ಬರೆದುಕೊಂಡಿದ್ದೇನೆ.

ಕಂಪನಿಯನ್ನು ಉಳಿಸಿದ್ದು ಬೇರೆ ಪೇಟೆಂಟುಗಳು. ಡನ್ಲಪ್ ಅವರ ಮೊದಲ ಟೈರನ್ನು ಬಟ್ಟೆಯಿಂದ ರಿಮ್ಮಿಗೆ ಸುತ್ತಿ ಅಂಟಿಸಿಬಿಡುತ್ತಿದ್ದರು. ಪಂಕ್ಚರ್ ಆದರೆ ಎಲ್ಲವನ್ನೂ ಕಿತ್ತು ಮತ್ತೆ ಅಂಟಿಸಬೇಕು. 1890ರಲ್ಲಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬುವರು ಟೈರಿನ ಎರಡೂ ಅಂಚಿನೊಳಗೆ ತಂತಿ ಸೇರಿಸಿ, ರಿಮ್ಮಿನ ಹಳ್ಳದಲ್ಲಿ ಕೂರುವಂತೆ ಮಾಡಿದರು. ಬಿಚ್ಚಬಹುದು, ಮತ್ತೆ ಹಾಕಬಹುದು. ಇವತ್ತು ಬೈಕಿನ ಟೈರನ್ನು ಲಿವರ್ ಹಾಕಿ ಎಬ್ಬಿಸುವುದು ಆ ತಂತಿಯ ಅಂಚನ್ನೇ. ತನ್ನ ತಂದೆ ದಿನವೂ ಮಾಡುವ ಕೆಲಸಕ್ಕೆ ಒಂದು ಇಸವಿಯೂ ಒಬ್ಬ ಮನುಷ್ಯನ ಹೆಸರೂ ಇದೆ ಎಂದು ಕೇಳಿದಾಗ ಆ ಹುಡುಗ ನೋಟ್‌ಬುಕ್ ತೆಗೆದು ಬರೆದುಕೊಂಡ. ಇಡೀ ಬೋಧನಾಭ್ಯಾಸದಲ್ಲಿ ಅವನು ನಾನು ಹೇಳದೆಯೇ ಬರೆದುಕೊಂಡದ್ದು ಅದೊಂದೇ.

1895ರಲ್ಲಿ ಡನ್ಲಪ್ ಕಂಪನಿಯಿಂದ ಹೊರಬಂದರು. ಮರುವರ್ಷವೇ ಡು ಕ್ರಾಸ್ ಆ ವ್ಯವಹಾರವನ್ನು 30 ಲಕ್ಷ ಪೌಂಡಿಗೆ ಮಾರಿದರು, ಕೊಂಡವರು ಅದನ್ನು 50 ಲಕ್ಷ ಪೌಂಡಿಗೆ ಷೇರುದಾರರಿಗೆ ಮಾರಿದರು. ಡನ್ಲಪ್ ಅವರ ಹೆಸರು ಮತ್ತು ಗಡ್ಡದ ಮುಖ ಜಗತ್ತೆಲ್ಲ ಓಡಾಡಿದವು. ಹೆಸರಿಗೆ ಸಿಕ್ಕಷ್ಟು ಹಣ ಅವರಿಗೆ ಸಿಗಲಿಲ್ಲ. ನಮ್ಮಲ್ಲಿ ಎತ್ತಿನ ಗಾಡಿಗೆ ಕಬ್ಬಿಣದ ಪಟ್ಟಿಯ ಚಕ್ರ ಹೋಗಿ ಗಾಳಿಯ ಟೈರ್ ಬಂದಾಗ, ಕೆಲವು ಕಡೆ ಅದನ್ನು ಟೈರ್ ಗಾಡಿ ಎಂದರೆ ಇನ್ನು ಕೆಲವರ ಬಾಯಲ್ಲಿ ಅದು ಡನ್ಲಪ್ ಗಾಡಿಯಾಯಿತು. ಹಾಗೆ ಕರೆದ ಎಷ್ಟೋ ಜನರಿಗೆ ಅದು ಒಬ್ಬ ಪಶುವೈದ್ಯರ ಹೆಸರು ಎಂದು ಗೊತ್ತಿರಲಾರದು.

ಮೋಟಾರು ಸೈಕಲ್ಲು ಬಂದದ್ದೂ ಇದೇ ಕಾಲದಲ್ಲಿ. 1885ರಲ್ಲಿ ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಮಾಡಿದ ಎಂಜಿನ್ ಸೈಕಲ್ಲಿಗೆ ಮರದ ಚಕ್ರ, ಕಬ್ಬಿಣದ ಪಟ್ಟಿ ಇತ್ತು. 1894ರಲ್ಲಿ ಅದೇ ದೇಶದ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮ್ಯುಲ್ಲರ್ ಕಂಪನಿ ಮಾರಾಟಕ್ಕೆ ಬಿಟ್ಟ ಮೋಟಾರು ಸೈಕಲ್ಲಿಗೆ ಗಾಳಿಯ ಟೈರ್ ಬಂದಿತ್ತು. ಒಂಬತ್ತು ವರ್ಷದ ಅಂತರ, ನಡುವೆ ಬೆಲ್‌ಫಾಸ್ಟಿನ ಒಂದು ಅಂಗಳ. ಆಗಿನ ಟೈರಿನ ಮೈ ನುಣ್ಣಗಿರುತ್ತಿತ್ತು, ಒದ್ದೆ ರಸ್ತೆಯಲ್ಲಿ ಅಡ್ಡಡ್ಡ ಜಾರುವುದು ದೊಡ್ಡ ತಲೆನೋವಾಗಿತ್ತು. ಗೀರುಗಳಿರುವ ಟೈರನ್ನು ಜರ್ಮನಿಯ ಕಾಂಟಿನೆಂಟಲ್ ಕಂಪನಿ ತಂದದ್ದು 1904ರಲ್ಲಿ. ಗೀರುಗಳ ಕೆಲಸ ನೀರನ್ನು ಪಕ್ಕಕ್ಕೆ ತಳ್ಳಿ ರಬ್ಬರು ನೆಲ ಮುಟ್ಟುವಂತೆ ಮಾಡುವುದು. ಹಾಗಾಗಿಯೇ ಸವೆದ ಟೈರು ಬೇಸಿಗೆಯಲ್ಲಿ ಸುಮ್ಮನಿದ್ದು ಮಳೆಗಾಲದಲ್ಲಿ ಕೈಕೊಡುತ್ತದೆ.

ಈಗ ತರಗತಿಯಲ್ಲಿ ಹೇಳದೇ ಉಳಿದದ್ದು. ನನ್ನ ಅಣ್ಣ ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಬೈಕ್ ತೆಗೆದುಕೊಂಡ. ಅದರ ಹಿಂದಿನ ಟೈರಿನ ಅಳತೆ 100/90-17. ನೋಡಲು ಗತ್ತಾಗಿರಲಿ ಎಂದು ಅದೇ ರಿಮ್ಮಿಗೆ 120/80-17 ಹಾಕಿಸಿದ. ಅಂಗಡಿಯವರು ಆಗುತ್ತದೆ ಎಂದರು, ಇವನು ನಂಬಿದ. ಕಡಿಮೆ ರೇಟಿಗೆ ಸಿಕ್ಕ ಆ ಟೈರು ಎಷ್ಟು ವರ್ಷದ ಹಳೆಯ ಸರಕು ಎಂದು ನೋಡುವುದು ಯಾರಿಗೂ ಗೊತ್ತಿರಲಿಲ್ಲ. ಜುಲೈ ತಿಂಗಳ ಒಂದು ಬೆಳಿಗ್ಗೆ, ಮಲೆನಾಡಿನ ನಮ್ಮೂರಿನ ಇಳಿಜಾರಿನ ತಿರುವಿನಲ್ಲಿ ಬೈಕಿನ ಹಿಂಭಾಗ ಪಕ್ಕಕ್ಕೆ ಸರಿದುಹೋಯಿತು. ಭುಜದ ಮೂಳೆ ಮುರಿಯಿತು. ಅವನು ಎರಡು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಓಡಿ ತಯಾರಾಗಿದ್ದ ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆ ಅದಕ್ಕೆ ಮೂರು ವಾರದ ನಂತರ ಇತ್ತು. ಮುಂದಿನ ನೇಮಕಾತಿ ಬರುವಷ್ಟರಲ್ಲಿ ವಯಸ್ಸು ಮೀರಿತ್ತು. ಟೈರೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಅವನು ಸ್ವಲ್ಪ ಜೋರಾಗಿಯೇ ಬರುತ್ತಿದ್ದ ಎಂದು ಅವನೇ ಒಪ್ಪುತ್ತಾನೆ. ಆದರೆ ಕಿರಿದಾದ ರಿಮ್ಮಿಗೆ ಅಗಲದ ಟೈರ್ ಹಾಕಿದರೆ ಅದರ ಎರಡು ಅಂಚುಗಳೂ ಒಳಕ್ಕೆ ಎಳೆದುಕೊಂಡು ಟೈರಿನ ನೆತ್ತಿ ಚೂಪಾಗುತ್ತದೆ, ವಾಲಿಸಿದಾಗ ನೆಲ ಮುಟ್ಟಬೇಕಾದ ಭಾಗ ಸರಿಯಾಗಿ ಮುಟ್ಟುವುದಿಲ್ಲ ಎಂದು ನನಗೆ ತಿಳಿದದ್ದು ಈ ಪಾಠದ ತಯಾರಿಯಲ್ಲಿ. ಡನ್ಲಪ್ ಮತ್ತು ಹ್ಯೂಮ್ ಟೈರಿಗೆ ತಕ್ಕಂತೆ ಸೈಕಲ್ಲನ್ನೇ ಕಟ್ಟಿಸಿದ್ದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1889ರಲ್ಲೇ ಗೊತ್ತಿದ್ದ ವಿಷಯ.

ಡನ್ಲಪ್ ಕೊನೆಯ ವರ್ಷಗಳನ್ನು ಡಬ್ಲಿನ್‌ನಲ್ಲಿ ಕಳೆದರು. ಅಲ್ಲಿನ ಬಟ್ಟೆ ವ್ಯಾಪಾರವೊಂದರಲ್ಲಿ ಅವರ ಪಾಲಿತ್ತು. ತಮ್ಮ ಟೈರಿನ ಇತಿಹಾಸವನ್ನು ತಾವೇ ಬರೆಯುತ್ತಿದ್ದರು, ಅದು ಪುಸ್ತಕವಾಗಿ ಬಂದದ್ದು ಅವರು ಹೋದ ಮೇಲೆ. 1921ರ ಅಕ್ಟೋಬರ್ 23ರಂದು, 81ನೇ ವಯಸ್ಸಿನಲ್ಲಿ ತೀರಿಕೊಂಡರು.

ಎರಡನೇ ಅವಧಿಯ ಕೊನೆಯ ಹದಿನೈದು ನಿಮಿಷ ಮಕ್ಕಳನ್ನು ಶಾಲೆಯ ಹಿಂದೆ ಶಿಕ್ಷಕರು ಬೈಕ್ ನಿಲ್ಲಿಸುವ ಜಾಗಕ್ಕೆ ಕರೆದುಕೊಂಡು ಹೋದೆ. ಟೈರಿನ ಗೋಡೆಯ ಮೇಲೆ 100/90-17 55P ಎಂದಿದ್ದರೆ, 100 ಎಂಬುದು ಮಿಲಿಮೀಟರಿನಲ್ಲಿ ಅಗಲ, 90 ಎಂದರೆ ಗೋಡೆಯ ಎತ್ತರ ಅಗಲದ ನೂರಕ್ಕೆ 90ರಷ್ಟು, 17 ಎಂದರೆ ರಿಮ್ಮಿನ ಇಂಚು. 55 ಭಾರದ ಸೂಚಿ, ಆ ಟೈರು 218 ಕಿಲೋವರೆಗೆ ಹೊರುತ್ತದೆ. ಪಿ ಅಕ್ಷರ ವೇಗದ ಮಿತಿ, ಗಂಟೆಗೆ 150 ಕಿಲೋಮೀಟರ್. ಬೇರೆಡೆ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ: 2319 ಎಂದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಗೀರುಗಳ ನಡುವೆ ಸಣ್ಣ ದಿಣ್ಣೆಗಳಿರುತ್ತವೆ, ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಟೈರ್ ಬದಲಾಯಿಸಬೇಕು. ಬಹಳ ಟೈರುಗಳ ಮೇಲೆ ತಿರುಗುವ ದಿಕ್ಕಿಗೆ ಬಾಣದ ಗುರುತೂ ಇರುತ್ತದೆ. ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಯಾವ ಅಳತೆ, ಎಷ್ಟು ಗಾಳಿ ಎಂದಿದೆಯೋ ಅದರೊಂದಿಗೆ ಇವನ್ನು ತಾಳೆ ನೋಡಬೇಕು. ಟ್ಯೂಬಿನ ರಿಮ್ಮಿಗೆ ಟ್ಯೂಬ್ ಇಲ್ಲದೆ ಟ್ಯೂಬ್‌ಲೆಸ್ ಟೈರ್ ಹಾಕಿಸಬಾರದು ಎಂಬುದನ್ನು ನನಗಿಂತ ಮೊದಲು ಪಂಕ್ಚರ್ ಅಂಗಡಿಯ ಹುಡುಗನೇ ಹೇಳಿದ.

ಮಕ್ಕಳು ಮೊಣಕಾಲೂರಿ ಕುಳಿತು ಹನ್ನೊಂದು ಬೈಕುಗಳ ಟೈರುಗಳನ್ನು ಓದಿ ಪಟ್ಟಿ ಮಾಡಿದರು. ಆ ಹುಡುಗ ಒಂದು ಬೈಕಿನ ಮುಂದೆ ನಿಂತು ನನ್ನನ್ನು ಮೆಲ್ಲಗೆ ಕರೆದ. ಮುಂದಿನ ಟೈರಿನ ಬಾಣ ಹಿಂದಕ್ಕೆ ತೋರಿಸುತ್ತಿತ್ತು. ಅದು ಗಣಿತದ ಮೇಷ್ಟ್ರ ಬೈಕು. ನಾನು ಹೇಳಲೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಅವನು ಸ್ಟಾಫ್ ರೂಮಿನ ಬಾಗಿಲಿಗೆ ಹೋಗಿ, ಸಾರ್, ಒಂದು ನಿಮಿಷ ಬನ್ನಿ ಎಂದು ಕರೆದುಬಿಟ್ಟ.